ಅರ್ಧ ಮಾಡಿದರೆ ಅರ್ಧ ಬರಬೇಕಲ್ವಾ? ಸ್ಪೆಕ್ಟ್ರೋಫೋಟೋಮೀಟರನ್ನು ನಂಬುವ ಮುನ್ನ

ಒಂದು ಬೋರ್‌ವೆಲ್ ನೀರಿನ ಸ್ಯಾಂಪಲ್. ಅದರಲ್ಲಿ ನೈಟ್ರೇಟ್ ಎಷ್ಟಿದೆ ನೋಡಬೇಕಿತ್ತು. ಹೊಲಕ್ಕೆ ಹಾಕಿದ ಯೂರಿಯಾ, ಕೊಟ್ಟಿಗೆಯ ಗಂಜಲ, ಶೌಚದ ಗುಂಡಿ, ಎಲ್ಲದರಿಂದ ಇಳಿದದ್ದು ನಿಧಾನಕ್ಕೆ ನೆಲದಡಿಯ ನೀರಿಗೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಎಂದು ನಮ್ಮ ಐಎಸ್ 10500 ಮಾನದಂಡ ಹೇಳುತ್ತದೆ. ನೈಟ್ರೇಟ್‌ಗೆ ಬಣ್ಣವಿಲ್ಲ. ಆದರೆ 220 ನ್ಯಾನೊಮೀಟರ್ ಸುತ್ತಮುತ್ತಲಿನ ಅತಿನೇರಳೆ ಬೆಳಕನ್ನು ಅದು ಚೆನ್ನಾಗಿ ಹೀರುತ್ತದೆ. ಎಷ್ಟು ಹೀರಿತು ಎಂದು ಅಳೆದರೆ ಎಷ್ಟಿದೆ ಎಂದು ಗೊತ್ತಾಗುತ್ತದೆ.

ಸ್ಯಾಂಪಲ್ ಎಷ್ಟು ಬೆಳಕು ಹೀರಿತು ಎಂದು ಅಳೆಯುವ ನಮ್ಮ ಲ್ಯಾಬಿನ ಸ್ಪೆಕ್ಟ್ರೋಫೋಟೋಮೀಟರ್ 1.86 ಎಂದು ತೋರಿಸಿತು. ಮೂರು ಸಲ ನೋಡಿದರೂ 1.86. ಲೆಕ್ಕ ಹಾಕಿದರೆ ನೀರು ಸಲೀಸಾಗಿ ಪಾಸ್. ರಿಪೋರ್ಟ್ ಬರೆಯುವುದೊಂದೇ ಬಾಕಿ. ಆಗ ಜೊತೆಯಲ್ಲಿದ್ದ ಹಿರಿಯ ಮೇಡಂ, "ಅದೇ ಸ್ಯಾಂಪಲ್ಲಿಗೆ ಸಮ ಪಾಲು ಡಿಸ್ಟಿಲ್ಡ್ ವಾಟರ್ ಹಾಕಿ ಇನ್ನೊಮ್ಮೆ ನೋಡು" ಎಂದರು. ಅರ್ಧ ಮಾಡಿದರೆ ಅರ್ಧ ಬರಬೇಕಲ್ವಾ? 0.93 ಬರಬೇಕಿತ್ತು. ಬಂದದ್ದು 1.14. ಎರಡರಿಂದ ಗುಣಿಸಿದರೆ 2.28. ಹತ್ತು ಪಟ್ಟು ತೆಳು ಮಾಡಿದಾಗ 0.237, ಅಂದರೆ ಮೂಲ ಸ್ಯಾಂಪಲ್ 2.37. ನೀರು ಒಂದೇ, ಮೆಷಿನ್ ಒಂದೇ, ಉತ್ತರ ಮೂರು. ಕೊನೆಯ ಉತ್ತರದ ಪ್ರಕಾರ ಆ ನೀರು 45ರ ಗಡಿಗೆ ಒರಗಿಕೊಂಡು ನಿಂತಿತ್ತು.

ಮೆಷಿನ್ ಕೆಟ್ಟಿರಲಿಲ್ಲ. ಎರರ್ ಮೆಸೇಜ್ ಇರಲಿಲ್ಲ. ಬೆಳಿಗ್ಗೆ ಆನ್ ಮಾಡಿದಾಗ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಎಲ್ಲಾ ಸಾಲಿಗೂ ಓಕೆ ಎಂದಿತ್ತು. ಆದರೂ ತಪ್ಪು ಹೇಳುತ್ತಿತ್ತು, ಅದೂ ಪ್ರತಿ ಸಲ ಒಂದೇ ತಪ್ಪು. ಇದು ಹೇಗೆ ಸಾಧ್ಯ ಎಂದು ತಿಳಿಯಬೇಕಾದರೆ ಮೊದಲು ಮೆಷಿನ್ ಒಳಗೆ ಏನು ನಡೆಯುತ್ತದೆ ನೋಡೋಣ.

ಡಿಕಾಕ್ಷನ್ ಮತ್ತು ದೀಪ

ಗಾಜಿನ ಲೋಟದಲ್ಲಿ ತೆಳು ಡಿಕಾಕ್ಷನ್ ಹಾಕಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಆಚೆ ಕಡೆ ಕಾಣುತ್ತದೆ. ಗಟ್ಟಿ ಡಿಕಾಕ್ಷನ್ ಹಿಡಿದರೆ ಕಾಣುವುದಿಲ್ಲ. ಲೋಟ ಅಗಲವಾದಷ್ಟೂ, ಡಿಕಾಕ್ಷನ್ ಗಟ್ಟಿಯಾದಷ್ಟೂ ದಾಟುವ ಬೆಳಕು ಕಡಿಮೆ. ಅಷ್ಟೇ ವಿಷಯ. ಇದನ್ನು ಲೆಕ್ಕಕ್ಕೆ ತಂದವರು ಮೂವರು. 1729ರಲ್ಲಿ ಬುಗೇರ್, 1760ರಲ್ಲಿ ಲ್ಯಾಂಬರ್ಟ್, 1852ರಲ್ಲಿ ಬಿಯರ್. ಕಾಲೇಜಿನಲ್ಲಿ ಬಿಯರ್ ಹೆಸರು ಬಂದಾಗ ಇಡೀ ಕ್ಲಾಸ್ ನಗುತ್ತದೆ, ಹಾಗಾಗಿ ಅವನು ನೆನಪಿರುತ್ತಾನೆ. ಎಲ್ಲರಿಗಿಂತ ಮೊದಲು ಹೇಳಿದ ಬುಗೇರ್ ಮಾತ್ರ, ಸಾಮಾನ್ಯವಾಗಿ ಬಿಯರ್-ಲ್ಯಾಂಬರ್ಟ್ ಎಂದು ಕರೆಯುವ ಈ ನಿಯಮದ ಹೆಸರಿನಿಂದಲೇ ಬಿಟ್ಟುಹೋಗಿದ್ದಾನೆ.

ಮೆಷಿನ್ ಒಳಗೆ ಎರಡು ದೀಪಗಳಿರುತ್ತವೆ. ಅತಿನೇರಳೆಗೆ ಡ್ಯುಟೀರಿಯಂ ದೀಪ, ಕಣ್ಣಿಗೆ ಕಾಣುವ ಬೆಳಕಿಗೆ ಟಂಗ್‌ಸ್ಟನ್ ಹ್ಯಾಲೊಜನ್ ದೀಪ. ಬೆಳಕು ಗ್ರೇಟಿಂಗ್, ಅಂದರೆ ಒತ್ತೊತ್ತಾಗಿ ಸಣ್ಣ ಗೆರೆ ಕೊರೆದ ಫಲಕದ ಮೇಲೆ ಬಿದ್ದು ಕಾಮನಬಿಲ್ಲಿನ ಹಾಗೆ ಹರಡಿಕೊಳ್ಳುತ್ತದೆ. ಒಂದು ಸಣ್ಣ ಸೀಳು ಅದರಲ್ಲಿ ನಮಗೆ ಬೇಕಾದ ತರಂಗಾಂತರವನ್ನಷ್ಟೇ ಆಚೆ ಬಿಡುತ್ತದೆ. ಅದು ಕ್ಯುವೆಟ್, ಅಂದರೆ 1 ಸೆಂಟಿಮೀಟರ್ ದಾರಿಯ ಪುಟ್ಟ ಚೌಕದ ಪಾತ್ರೆಯಲ್ಲಿರುವ ದ್ರವವನ್ನು ದಾಟಿ ಡಿಟೆಕ್ಟರ್ ಮುಟ್ಟುತ್ತದೆ. 1941ರಲ್ಲಿ ಅಮೆರಿಕದ ಆರ್ನಾಲ್ಡ್ ಬೆಕ್‌ಮನ್ ಕಂಪನಿ ಡಿಯು ಎಂಬ ಮೆಷಿನನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಈ ಕೆಲಸ ನಿಮಿಷಗಳ ಲೆಕ್ಕಕ್ಕೆ ಇಳಿಯಿತು. ಅಂದಿನಿಂದ ಇಂದಿಗೆ ಪೆಟ್ಟಿಗೆ ಸಣ್ಣದಾಗಿದೆ, ಪರದೆ ಬಂದಿದೆ. ಒಳಗಿನ ಕಥೆ ಹೆಚ್ಚೇನೂ ಬದಲಾಗಿಲ್ಲ.

ಪರದೆಯ ಮೇಲೆ ಕಾಣುವ ಆಬ್ಸಾರ್ಬೆನ್ಸ್ (ಬಯಾಲಜಿಯವರ ಬಾಯಲ್ಲಿ ಆಪ್ಟಿಕಲ್ ಡೆನ್ಸಿಟಿ, ಚುಟುಕಾಗಿ ಒ.ಡಿ.) ಲಾಗರಿದಮ್ ಲೆಕ್ಕದ ಸಂಖ್ಯೆ. 1 ಎಂದರೆ ನೂರರಲ್ಲಿ 10 ಪಾಲು ಬೆಳಕು ದಾಟಿದೆ. 2 ಎಂದರೆ 1 ಪಾಲು. 3 ಎಂದರೆ ಸಾವಿರದಲ್ಲಿ ಒಂದೇ ಪಾಲು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಆಬ್ಸಾರ್ಬೆನ್ಸ್ ಏರಿದಷ್ಟೂ ಮೆಷಿನ್ ಅಳೆಯುತ್ತಿರುವುದು ದೊಡ್ಡದನ್ನಲ್ಲ, ತೀರಾ ಚಿಕ್ಕದನ್ನು.

ಕ್ಯಾಲಿಬ್ರೇಷನ್ ಅಂದರೆ ಯಾವುದು?

ಈ ಪದವನ್ನು ಲ್ಯಾಬಿನಲ್ಲಿ ಕನಿಷ್ಠ ಮೂರು ಅರ್ಥದಲ್ಲಿ ಬಳಸುತ್ತಾರೆ. ಅರ್ಧ ಗೊಂದಲ ಅಲ್ಲೇ ಹುಟ್ಟುವುದು.

ಒಂದು, ಬ್ಲ್ಯಾಂಕ್, ಅಂದರೆ ಅಳೆಯಬೇಕಾದ ವಸ್ತು ಇಲ್ಲದ ಬರೀ ದ್ರವ ಇಟ್ಟು ಸೊನ್ನೆ ಮಾಡುವುದು. ಕಿರಾಣಿ ಅಂಗಡಿಯವರು ತಟ್ಟೆ ಖಾಲಿ ಇದ್ದಾಗ ತಕ್ಕಡಿ ಸೊನ್ನೆ ತೋರಿಸುತ್ತದೆಯಾ ನೋಡುವ ಹಾಗೆ. ಬೇಕೇಬೇಕು, ಆದರೆ ಅಷ್ಟರಿಂದ ತಕ್ಕಡಿ ಸರಿ ಇದೆ ಎಂದಾಗುವುದಿಲ್ಲ. ಸೊನ್ನೆಯಲ್ಲಿ ಸರಿಯಿದ್ದು ಒಂದು ಕೆಜಿಗೆ ಐವತ್ತು ಗ್ರಾಂ ತಿನ್ನುವ ತಕ್ಕಡಿಗಳನ್ನು ನಾವು ನೋಡಿಲ್ವಾ? ಅದಕ್ಕೇ ತೂಕದ ಕಲ್ಲಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರುವುದು.

ಎರಡು, ಕ್ಯಾಲಿಬ್ರೇಷನ್ ಕರ್ವ್. ಗೊತ್ತಿರುವ ಪ್ರಮಾಣದ ಐದಾರು ದ್ರಾವಣ ಮಾಡಿ, ಅವುಗಳ ಆಬ್ಸಾರ್ಬೆನ್ಸ್ ನೋಡಿ, ಗ್ರಾಫ್ ಎಳೆದು, ಗೊತ್ತಿಲ್ಲದ್ದನ್ನು ಅದರಿಂದ ಓದುವುದು. ಇದು ವಿಧಾನದ ಕ್ಯಾಲಿಬ್ರೇಷನ್. ಮೆಷಿನಿನದಲ್ಲ.

ಮೂರನೆಯದು ಈ ಬರಹದ ವಿಷಯ: ಮೆಷಿನ್ ಹೇಳುವುದನ್ನು, ಅದಕ್ಕಿಂತ ಹೆಚ್ಚು ನಂಬಬಹುದಾದ ಒಂದು ಮಾನಕದ ಜೊತೆ ಹೋಲಿಸಿ, ವ್ಯತ್ಯಾಸ ಎಷ್ಟು ಎಂದು ಬರೆದಿಡುವುದು. ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹೋಲಿಸುವುದು ಬೇರೆ, ತಿದ್ದುವುದು ಬೇರೆ. ಎಷ್ಟೋ ಮನೆಗಳಲ್ಲಿ ಗೋಡೆ ಗಡಿಯಾರವನ್ನು ಬೇಕಂತಲೇ ಹತ್ತು ನಿಮಿಷ ಮುಂದಿಟ್ಟಿರುತ್ತಾರೆ. ಮನೆಯವರಿಗೆ ಅದು ಗೊತ್ತು, ಹಾಗಾಗಿ ಬಸ್ಸು ತಪ್ಪುವುದಿಲ್ಲ. ಹತ್ತು ನಿಮಿಷ ಮುಂದಿದೆ ಎಂದು ತಿಳಿದಿರುವುದೇ ಕ್ಯಾಲಿಬ್ರೇಷನ್. ಮುಳ್ಳು ತಿರುಗಿಸಿ ಸರಿಮಾಡುವುದು ಅಡ್ಜಸ್ಟ್‌ಮೆಂಟ್. ಸರ್ವಿಸ್ ಎಂಜಿನಿಯರ್ ಬಂದು ನೇರವಾಗಿ ಮುಳ್ಳು ತಿರುಗಿಸಿ ಹೋದರೆ, ಕಳೆದ ಆರು ತಿಂಗಳ ರಿಪೋರ್ಟುಗಳಲ್ಲಿ ಎಷ್ಟು ತಪ್ಪಿತ್ತು ಎಂದು ಇನ್ಯಾರಿಗೂ ಗೊತ್ತಾಗುವುದಿಲ್ಲ. ತಿದ್ದುವ ಮೊದಲಿನ ಅಳತೆಯನ್ನೂ ಬರೆಸಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಇನ್ನು ಏನೇನನ್ನು ಹೋಲಿಸಬೇಕು? ಮುಖ್ಯವಾಗಿ ನಾಲ್ಕು ಪ್ರಶ್ನೆ. ಪರದೆ ಹೇಳುವ ತರಂಗಾಂತರ ನಿಜವಾ? ಆಬ್ಸಾರ್ಬೆನ್ಸ್ ನಿಜವಾ? ಬೇಡದ ಬೆಳಕು ಎಷ್ಟು ನುಸುಳುತ್ತಿದೆ? ಪಕ್ಕಪಕ್ಕದ ತರಂಗಾಂತರಗಳನ್ನು ಎಷ್ಟು ಚೆನ್ನಾಗಿ ಬಿಡಿಸಿ ನೋಡುತ್ತದೆ? ಒಂದರಲ್ಲಿ ಪಾಸಾದ ಮೆಷಿನ್ ಇನ್ನೊಂದರಲ್ಲಿ ಫೇಲ್ ಆಗಬಹುದು.

ಬೆಟ್ಟದ ತುದಿ, ಬೆಟ್ಟದ ಇಳಿಜಾರು

ಗ್ರೇಟಿಂಗ್ ತಿರುಗಿಸುವ ಯಂತ್ರ ಸ್ವಲ್ಪ ಸವೆದರೂ 260 ಎಂದು ತೋರಿಸುತ್ತಾ 261ರ ಬೆಳಕು ಬಿಡಬಹುದು. ಒಂದು ನ್ಯಾನೊಮೀಟರಿಗೆ ಇಷ್ಟು ತಲೆಬಿಸಿ ಯಾಕೆ ಎಂದು ಕೇಳಬಹುದು. ತರಂಗಾಂತರ ಬದಲಾದಂತೆ ಆಬ್ಸಾರ್ಬೆನ್ಸಿನ ಗ್ರಾಫ್ ಬೆಟ್ಟದ ಹಾಗೆ ಏರಿ ಇಳಿಯುತ್ತದೆ. ಬೆಟ್ಟದ ತುದಿಯ ಸಮತಟ್ಟಿನಲ್ಲಿ ನಿಂತವರು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಎತ್ತರ ಬದಲಾಗುವುದಿಲ್ಲ. ಇಳಿಜಾರಿನಲ್ಲಿ ನಿಂತವರು ಸರಿದರೆ ಬದಲಾಗುತ್ತದೆ. ನೀವು ಅಳೆಯುತ್ತಿರುವುದು ಅಗಲವಾದ ಶಿಖರದ ಮೇಲಾದರೆ ಒಂದು ನ್ಯಾನೊಮೀಟರ್ ತಪ್ಪು ಕಾಣಿಸುವುದೇ ಇಲ್ಲ. ಇಳಿಜಾರಿನಲ್ಲಾದರೆ ಕಾಣಿಸುತ್ತದೆ.

ಡಿಎನ್‌ಎ ನೋಡಿ. ಅದರ ಶಿಖರ ಇರುವುದು 260ರ ಹತ್ತಿರ. 280 ಬರುವಷ್ಟರಲ್ಲಿ ಕಡಿದಾದ ಇಳಿಜಾರು. ಶುದ್ಧ ಡಿಎನ್‌ಎಗೆ ಈ ಎರಡರ ಅನುಪಾತ ಸುಮಾರು 1.8 ಇರಬೇಕು ಎನ್ನುತ್ತಾರೆ. 280 ಎಂದು ಹೇಳುವ ಮೆಷಿನ್ ನಿಜಕ್ಕೂ 279ರಲ್ಲಿ ನಿಂತಿದ್ದರೆ ಕೆಳಗಿನ ಸಂಖ್ಯೆ ಏರುತ್ತದೆ, ಅನುಪಾತ ಇಳಿಯುತ್ತದೆ. ಪಾಪ, ಯಾರೋ ಪ್ರೋಟೀನ್ ಉಳಿದಿರಬೇಕು ಎಂದುಕೊಂಡು ಇಡೀ ದಿನ ಡಿಎನ್‌ಎಯನ್ನು ಮತ್ತೆ ಮತ್ತೆ ತೊಳೆಯುತ್ತಾ ಕೂತಿರುತ್ತಾರೆ.

ಇದನ್ನು ಹಿಡಿಯಲು ಹೋಲ್ಮಿಯಂ ಬೇಕು. ಸ್ಟಾಕ್‌ಹೋಮ್ ನಗರದ ಲ್ಯಾಟಿನ್ ಹೆಸರು ಹೊತ್ತ ಧಾತು ಇದು. ಸಾಮಾನ್ಯ ಬಣ್ಣದ ದ್ರಾವಣಗಳ ಶಿಖರಗಳು ಮಲಗಿದ ಎಮ್ಮೆಯ ಬೆನ್ನಿನ ಹಾಗೆ ಅಗಲ. ಹೋಲ್ಮಿಯಂನದು ಸೂಜಿಮೊನೆ. ಅದರ ಬೆಳಕು ಹೀರುವ ಎಲೆಕ್ಟ್ರಾನುಗಳು ಪರಮಾಣುವಿನ ಒಳಮನೆಯಲ್ಲಿ, ಹೊರಗಿನ ಎಲೆಕ್ಟ್ರಾನುಗಳ ಮರೆಯಲ್ಲಿ ಇರುತ್ತವೆ. ಸುತ್ತಲಿನ ದ್ರವದ ಗಲಾಟೆ ಅವನ್ನು ಅಷ್ಟಾಗಿ ಮುಟ್ಟುವುದಿಲ್ಲ. 4 ಶೇಕಡಾ ಹೋಲ್ಮಿಯಂ ಆಕ್ಸೈಡನ್ನು 10 ಶೇಕಡಾ ಪರ್ಕ್ಲೋರಿಕ್ ಆಮ್ಲದಲ್ಲಿ ಕರಗಿಸಿದರೆ ಅತಿನೇರಳೆಯಿಂದ ಕೆಂಪಿನವರೆಗೆ ಹದಿನಾಲ್ಕು ಒಳ್ಳೆಯ ಗುರುತುಗಳು ಸಿಗುತ್ತವೆ. ಔಷಧ ಕಂಪನಿಗಳಲ್ಲಿ ನೋಡುವುದು ಹೆಚ್ಚಾಗಿ ನಾಲ್ಕನ್ನು: 241, 287, 361, 536 ನ್ಯಾನೊಮೀಟರ್ ಆಸುಪಾಸಿನವು. ದಶಮಾಂಶ ಸಹಿತ ನಿಖರ ಬೆಲೆಯನ್ನು ಬಾಟಲಿಯ ಸರ್ಟಿಫಿಕೇಟಿನಿಂದಲೇ ಓದಬೇಕು, ಅದೂ ನಿಮ್ಮ ಮೆಷಿನಿನ ಸೀಳಿನ ಅಗಲಕ್ಕೆ ಹೊಂದುವ ಸಾಲಿನಿಂದ. ಸೀಳು ಬದಲಾದರೆ ಶಿಖರವೂ ಕೂದಲೆಳೆಯಷ್ಟು ಸರಿಯುತ್ತದೆ.

ಅತಿನೇರಳೆಯಲ್ಲಿ 1 ನ್ಯಾನೊಮೀಟರ್ ಆಚೀಚೆಯಾದರೆ ಒಪ್ಪುತ್ತಾರೆ. ದ್ರಾವಣ ಕೈಲಿಲ್ಲದಿದ್ದರೂ ಪುಕ್ಕಟೆ ಗುರುತೊಂದು ಮೆಷಿನ್ ಒಳಗೇ ಇದೆ. ಡ್ಯುಟೀರಿಯಂ ದೀಪ 656.1ರಲ್ಲಿ ಒಂದು ಚೂಪು ಗೆರೆ ಉಗುಳುತ್ತದೆ, 486ರಲ್ಲಿ ಇನ್ನೊಂದು. ಆನ್ ಮಾಡಿದಾಗ ಮೆಷಿನ್ ತಾನೇ ನೋಡಿಕೊಳ್ಳುವುದು ಸಾಮಾನ್ಯವಾಗಿ ಇದನ್ನೇ. ತೊಂದರೆ ಏನೆಂದರೆ 656ರಲ್ಲಿ ಸರಿ ಇದ್ದ ಮಾತ್ರಕ್ಕೆ 220ರಲ್ಲೂ ಸರಿ ಇರಬೇಕೆಂದಿಲ್ಲ.

60 ಮಿಲಿಗ್ರಾಂ ಕಿತ್ತಳೆ ಪುಡಿ

ತರಂಗಾಂತರ ಸರಿ ಇದೆ. ಈಗ ಆಬ್ಸಾರ್ಬೆನ್ಸ್. ಇಲ್ಲಿ ಹಳೆಯ ಹುಲಿ ಎಂದರೆ ಪೊಟ್ಯಾಶಿಯಂ ಡೈಕ್ರೋಮೇಟ್. 130 ಡಿಗ್ರಿಯಲ್ಲಿ ತೂಕ ಬದಲಾಗದವರೆಗೆ ಒಣಗಿಸಿ, ಸುಮಾರು 60 ಮಿಲಿಗ್ರಾಂ ನಿಖರವಾಗಿ ತೂಗಿ, 0.005 ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ ಒಂದು ಲೀಟರ್ ಮಾಡುತ್ತಾರೆ. ಇದಕ್ಕೆ 257 ಮತ್ತು 350ರಲ್ಲಿ ಶಿಖರ, 235 ಮತ್ತು 313ರಲ್ಲಿ ಕಣಿವೆ. ಶಿಖರ, ಕಣಿವೆ ಎರಡರಲ್ಲೂ ನೆಲ ಸಮತಟ್ಟು. ಹಾಗಾಗಿ ತರಂಗಾಂತರದ ಸಣ್ಣ ತಪ್ಪು ಇಲ್ಲಿ ಬಂದು ಲೆಕ್ಕ ಕೆಡಿಸುವುದಿಲ್ಲ. ಈ ನಾಲ್ಕು ಜಾಗಗಳನ್ನು ಆರಿಸಿದವರ ಜಾಣತನ ಅದು.

ಒಂದು ಲೆಕ್ಕ ನೋಡಿ. 1 ಶೇಕಡಾ ದ್ರಾವಣಕ್ಕೆ 257ರಲ್ಲಿ ಆಬ್ಸಾರ್ಬೆನ್ಸ್ ಸುಮಾರು 144 ಇರಬೇಕು. ಲೀಟರಿಗೆ 60 ಮಿಲಿಗ್ರಾಂ ಎಂದರೆ 0.006 ಶೇಕಡಾ. ಗುಣಿಸಿದರೆ 0.864. ನಿಮ್ಮ ಮೆಷಿನ್ 0.86ರ ಸುತ್ತ ತೋರಿಸಿದರೆ ಸರಿ. 0.83 ತೋರಿಸಿದರೆ ಮೊದಲು ನಿಮ್ಮ ತೂಕವನ್ನು ಅನುಮಾನಿಸಿ, ಆಮೇಲೆ ಕ್ಯುವೆಟ್ ಅನುಮಾನಿಸಿ, ಕೊನೆಗೆ ಮೆಷಿನ್. 60 ಮಿಲಿಗ್ರಾಂ ತೂಗುವಾಗ ಒಂದೇ ಮಿಲಿಗ್ರಾಂ ತಪ್ಪಿದರೂ 0.014 ಹೋಯಿತು. ಅಂದರೆ ಮೆಷಿನಿಗೆ ಕೊಡುವ ವಿನಾಯಿತಿಯನ್ನೆಲ್ಲ ನಿಮ್ಮ ತಕ್ಕಡಿಯೇ ತಿಂದುಬಿಡುತ್ತದೆ. ಅದಕ್ಕೇ ಎಷ್ಟೋ ಲ್ಯಾಬುಗಳು ಕ್ವಾರ್ಟ್ಜ್ ಕ್ಯುವೆಟ್ಟಿನಲ್ಲಿ ಸೀಲ್ ಮಾಡಿದ, ಸರ್ಟಿಫಿಕೇಟ್ ಇರುವ ದ್ರಾವಣವನ್ನೇ ಕೊಳ್ಳುತ್ತವೆ. ದುಬಾರಿ, ಆದರೆ ಚೆಲ್ಲುವುದಿಲ್ಲ, ಬಗ್ಗಡವಾಗುವುದಿಲ್ಲ. ಅಂದಹಾಗೆ ಡೈಕ್ರೋಮೇಟ್ ಕ್ಯಾನ್ಸರ್ ತರುವ ವಸ್ತು. ಕೈಗವಸು ಬೇಕು, ಉಳಿದದ್ದನ್ನು ಸಿಂಕಿಗೆ ಸುರಿಯಬಾರದು. ಇದನ್ನು ಗೊತ್ತಿದ್ದೂ ಮರೆಯುವವರು ಜಾಸ್ತಿ.

ಟೆಂಟ್ ಸಿನಿಮಾದ ತೂತು

ಈಗ ನಮ್ಮ ಬೋರ್‌ವೆಲ್ ನೀರಿಗೆ ವಾಪಸ್ ಬರೋಣ. ತರಂಗಾಂತರ ನೋಡಿದೆವು, ಸರಿ ಇತ್ತು. ಡೈಕ್ರೋಮೇಟ್ ನೋಡಿದೆವು, ಸರಿ ಇತ್ತು. ಕಳ್ಳ ಇದ್ದದ್ದು ಬೇರೆ ಕಡೆ.

ಟೆಂಟ್ ಸಿನಿಮಾ ನೋಡಿದವರಿಗೆ ಗೊತ್ತು. ಡೇರೆಯಲ್ಲಿ ನಾಲ್ಕು ತೂತು. ಪರದೆ ಮೇಲೆ ಹಾಡು, ಹಗಲಿನ ದೃಶ್ಯ ಇದ್ದಾಗ ತೂತು ಯಾರ ಗಮನಕ್ಕೂ ಬರುವುದಿಲ್ಲ. ರಾತ್ರಿಯ ದೃಶ್ಯ ಬಂದರೆ ತೂತಿನ ಬೆಳಕೇ ಕಾಣುತ್ತದೆ, ಸಿನಿಮಾ ಕಾಣುವುದಿಲ್ಲ. ಸ್ಪೆಕ್ಟ್ರೋಫೋಟೋಮೀಟರಿನಲ್ಲೂ ಹೀಗೊಂದು ಅಡ್ಡದಾರಿ ಬೆಳಕು ಇರುತ್ತದೆ. ಲ್ಯಾಬಿನವರು ಸ್ಟ್ರೇ ಲೈಟ್ ಎನ್ನುತ್ತಾರೆ. ನೀವು ಕೇಳಿದ್ದು 220, ಆದರೆ ಗ್ರೇಟಿಂಗಿನ ಗೀರು, ಕನ್ನಡಿಯ ಧೂಳು ಇವುಗಳಿಂದ ಚದುರಿದ ಬೇರೆ ತರಂಗಾಂತರದ ಬೆಳಕೂ ಜೊತೆಯಲ್ಲಿ ಬರುತ್ತದೆ. ಮುಚ್ಚಳ ಸರಿಯಾಗಿ ಕೂರದಿದ್ದರೆ ಕೋಣೆಯ ಟ್ಯೂಬ್‌ಲೈಟಿನದೂ ಸೇರುತ್ತದೆ. ಸ್ಯಾಂಪಲ್ ಆ ಬೇರೆ ಬೆಳಕನ್ನು ಹೀರುವುದಿಲ್ಲ. ಡಿಟೆಕ್ಟರಿಗೆ ಬಣ್ಣದ ಭೇದವಿಲ್ಲ. ಬಂದದ್ದನ್ನೆಲ್ಲ ಒಟ್ಟಿಗೆ ಎಣಿಸುತ್ತದೆ.

ಲೆಕ್ಕ ಹಾಕೋಣ. ಅಡ್ಡದಾರಿ ಬೆಳಕು ನೂರಕ್ಕೆ ಒಂದು ಪಾಲು ಇದೆ ಎಂದಿಟ್ಟುಕೊಳ್ಳಿ. ಸ್ಯಾಂಪಲ್ಲಿನ ನಿಜವಾದ ಆಬ್ಸಾರ್ಬೆನ್ಸ್ 0.24 ಆದರೆ ನಿಜಕ್ಕೂ ದಾಟುವ ಬೆಳಕು 57 ಪಾಲಿಗೂ ಜಾಸ್ತಿ. ಅದರ ಮೇಲೆ ಒಂದು ಸೇರಿದರೆ ಏನಾಯಿತು? ಏನೂ ಇಲ್ಲ, 0.237 ಕಾಣುತ್ತದೆ. ನಿಜವಾದದ್ದು 2.4 ಆದರೆ ದಾಟುವುದು 0.4 ಪಾಲು ಮಾತ್ರ. ಅದರ ಮೇಲೆ ಇನ್ನೊಂದು ಪೂರ್ತಿ ಪಾಲು ಬಂದು ಕೂರುತ್ತದೆ. ಮನೆಯವರಿಗಿಂತ ನೆಂಟರೇ ಜಾಸ್ತಿ. ಮೆಷಿನ್ 1.86 ಎನ್ನುತ್ತದೆ. ಈ ಮೆಷಿನಿನಲ್ಲಿ ಎಂಥ ಗಟ್ಟಿ ದ್ರಾವಣ ಇಟ್ಟರೂ 2ರ ಮೇಲೆ ಹೋಗುವುದೇ ಇಲ್ಲ, ಏಕೆಂದರೆ ಆ ಒಂದು ಪಾಲು ಬೆಳಕು ಯಾವಾಗಲೂ ಇದ್ದೇ ಇರುತ್ತದೆ.

ಅಡ್ಡದಾರಿ ಬೆಳಕನ್ನು ಹಿಡಿಯುವ ಉಪಾಯ ಸರಳ, ನನಗೆ ಬಹಳ ಇಷ್ಟವಾದದ್ದು. ಆ ತರಂಗಾಂತರದಲ್ಲಿ ಏನನ್ನೂ ದಾಟಲು ಬಿಡದ ದ್ರಾವಣ ಇಡಿ. ಆದರೂ ಬೆಳಕು ಬಂದರೆ ಅದು ಕಳ್ಳ ಬೆಳಕೇ. 220ಕ್ಕೆ ಲೀಟರಿಗೆ 10 ಗ್ರಾಂ ಸೋಡಿಯಂ ಅಯೊಡೈಡ್. 340ಕ್ಕೆ ಲೀಟರಿಗೆ 50 ಗ್ರಾಂ ಸೋಡಿಯಂ ನೈಟ್ರೈಟ್. 198ರ ಹತ್ತಿರ 1.2 ಶೇಕಡಾ ಪೊಟ್ಯಾಶಿಯಂ ಕ್ಲೋರೈಡ್, ಅದು ನೀರಿನ ಎದುರು 2ಕ್ಕಿಂತ ಜಾಸ್ತಿ ತೋರಿಸಬೇಕು ಎಂಬುದು ಔಷಧ ಲ್ಯಾಬುಗಳ ಹಳೆಯ ನಿಯಮ. ನಾವು ಅಯೊಡೈಡ್ ಇಟ್ಟೆವು. 2.0ಕ್ಕೆ ಬಂದು ನಿಂತಿತು.

ಕಾರಣ ದೀಪ. ಡ್ಯುಟೀರಿಯಂ ದೀಪ ಸಾಮಾನ್ಯವಾಗಿ ಸಾವಿರ ಗಂಟೆ ಲೆಕ್ಕದ್ದು. ವಯಸ್ಸಾದಂತೆ ಅದು ಮೊದಲು ಸೋಲುವುದು ಕಿರು ತರಂಗಾಂತರಗಳಲ್ಲೇ. 220ರ ಬೆಳಕು ಕುಗ್ಗಿತು, ಅಡ್ಡದಾರಿ ಬೆಳಕು ಹಾಗೇ ಇತ್ತು, ಅದರ ಪಾಲು ಏರಿತು. ಡೈಕ್ರೋಮೇಟ್ ಪರೀಕ್ಷೆ ಇದನ್ನು ಹಿಡಿಯಲಿಲ್ಲ, ಏಕೆಂದರೆ ಅದು ಶುರುವಾಗುವುದೇ 235ರಿಂದ, ಅಲ್ಲಿ ಆಬ್ಸಾರ್ಬೆನ್ಸ್ ಕೂಡ 1ರ ಒಳಗೆ. ನಾವು ಕೆಲಸ ಮಾಡುತ್ತಿದ್ದ ಜಾಗ ಒಂದು, ಪರೀಕ್ಷಿಸುತ್ತಿದ್ದ ಜಾಗ ಇನ್ನೊಂದು.

ಸ್ಟ್ಯಾಂಡರ್ಡ್‌ಗಳನ್ನೂ, ಅಂದರೆ ಗೊತ್ತಿರುವ ಪ್ರಮಾಣದ ದ್ರಾವಣಗಳನ್ನೂ ಅದೇ ಮೆಷಿನಿನಲ್ಲಿ ಓಡಿಸುತ್ತೇವಲ್ಲ, ತಪ್ಪು ತಪ್ಪಿಗೆ ವಜಾ ಆಗುವುದಿಲ್ವಾ ಎಂದು ಹುಡುಗರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಗ್ರಾಫ್ ಬಾಗಿದ್ದನ್ನು ಬಾಗಿದ ಹಾಗೇ ಎಳೆದರೆ ಸ್ವಲ್ಪ ಮಟ್ಟಿಗೆ ಆಗುತ್ತದೆ. ಆದರೆ ನಾವು ಬಾಗಿದ ತುದಿಗೂ ಸ್ಕೇಲ್ ಇಟ್ಟು ನೇರ ಗೆರೆ ಎಳೆಯುವವರು. ಇನ್ನು ಮೇಲ್ತುದಿಯಲ್ಲಿ ಗೆರೆ ಚಪ್ಪಟೆಯಾಗುತ್ತಾ ಹೋದಾಗ ದುಪ್ಪಟ್ಟು ನೈಟ್ರೇಟ್ ಕೂಡ ಚೂರೇ ಚೂರು ಮೇಲೆ ಕಾಣುತ್ತದೆ. ಅದನ್ನು ಯಾವ ಲೆಕ್ಕವೂ ಬಿಡಿಸಿಕೊಡಲಾರದು. ಸಾಧ್ಯವಾದಷ್ಟೂ 0.2ರಿಂದ 1ರ ನಡುವೆ ಬರುವಂತೆ ತೆಳು ಮಾಡಿ ಅಳೆಯಿರಿ ಎಂಬ ಹಳಬರ ಮಾತು ಇಲ್ಲಿಂದ ಬಂದದ್ದು.

ಬಾಕಿ ಉಳಿದ ನಾಲ್ಕನೆಯ ಪ್ರಶ್ನೆಯನ್ನು ಬೇಗ ಮುಗಿಸುತ್ತೇನೆ. ಹೆಕ್ಸೇನಿನಲ್ಲಿ 0.02 ಶೇಕಡಾ ಟಾಲ್ಯೂಯಿನ್ ಹಾಕಿದರೆ 269ರಲ್ಲಿ ಒಂದು ಶಿಖರ, 266ರಲ್ಲಿ ಒಂದು ತಗ್ಗು ಕಾಣಬೇಕು. ಸೀಳು ಅಗಲವಾಗಿದ್ದರೆ ಎರಡೂ ಕಲಸಿಹೋಗುತ್ತವೆ. ಶಿಖರವನ್ನು ತಗ್ಗಿನಿಂದ ಭಾಗಿಸಿದರೆ 1.5 ಆದರೂ ಬರಲಿ ಎನ್ನುತ್ತಾರೆ. ದಿನನಿತ್ಯದ ನೀರು, ಮಣ್ಣಿನ ಕೆಲಸಕ್ಕೆ ಇದು ಅಷ್ಟು ಕಾಡುವುದಿಲ್ಲ. ಔಷಧದವರಿಗೆ ಬೇಕು.

ಮೆಷಿನ್ ಅಲ್ಲದ ತಪ್ಪುಗಳು

ಇಷ್ಟೆಲ್ಲ ಮಾಡಿ ಪ್ಲಾಸ್ಟಿಕ್ ಕ್ಯುವೆಟ್ಟಿನಲ್ಲಿ 260 ಅಳೆಯುವವರನ್ನು ನೋಡಿದ್ದೇನೆ. ಮಾಮೂಲಿ ಪ್ಲಾಸ್ಟಿಕ್, ಮಾಮೂಲಿ ಗಾಜು ಎರಡೂ ಸುಮಾರು 340ರ ಕೆಳಗೆ ಬೆಳಕನ್ನು ತಾವೇ ನುಂಗತೊಡಗುತ್ತವೆ. ಅತಿನೇರಳೆಗೆ ಕ್ವಾರ್ಟ್ಜ್ ಬೇಕು. ಕ್ಯುವೆಟ್ಟನ್ನು ಮಂಜು ಮಂಜಾದ ಬದಿಯಲ್ಲೇ ಹಿಡಿಯಬೇಕು. ನಯವಾದ ಬದಿಯಲ್ಲಿ ಬೆರಳಿನ ಎಣ್ಣೆ ಕೂತರೆ ಅದೂ ಅತಿನೇರಳೆ ಹೀರುತ್ತದೆ. ಎರಡು ಕ್ಯುವೆಟ್ ಬಳಸುವುದಾದರೆ ಎರಡಕ್ಕೂ ನೀರು ತುಂಬಿ ಒಮ್ಮೆ ಹೋಲಿಸಿ. ಫ್ರಿಜ್ಜಿನಿಂದ ತೆಗೆದ ಸ್ಯಾಂಪಲ್ ನೇರ ಇಟ್ಟರೆ ಹೊರಗೆ ಬೆವರುತ್ತದೆ, ಒಳಗೆ ಗುಳ್ಳೆ ಏಳುತ್ತದೆ. ಮೆಷಿನ್ ಆನ್ ಮಾಡಿ ಅರ್ಧ ಗಂಟೆ ದೀಪ ಸ್ಥಿರವಾಗಲು ಬಿಡಿ. ನಮ್ಮ ಕಡೆ ಕರೆಂಟ್ ಹೋಗಿ ಬಂದರೆ ಮತ್ತೆ ಅರ್ಧ ಗಂಟೆ. ಯುಪಿಎಸ್ ಇಲ್ಲದ ಲ್ಯಾಬಿನಲ್ಲಿ ಅರ್ಧ ದಿನ ಇದರಲ್ಲೇ ಹೋಗುತ್ತದೆ.

ವರ್ಷಕ್ಕೊಮ್ಮೆ ಹೊರಗಿನವರು ಬಂದು ಕ್ಯಾಲಿಬ್ರೇಟ್ ಮಾಡಿ ಸ್ಟಿಕರ್ ಅಂಟಿಸುತ್ತಾರಲ್ಲ, ಅದು ಸಾಲದಾ? ಸ್ಟಿಕರ್ ಹೇಳುವುದು ಅವತ್ತಿನ ಮಾತು. ಲ್ಯಾಬುಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಮಂಡಳಿಯ ಮಾನ್ಯತೆ ಇರುವವರಿಂದ ಮಾಡಿಸಿದರೆ ಒಂದು ಅನುಕೂಲ ಇದೆ. ಅವರ ದ್ರಾವಣವನ್ನು ಯಾವುದರ ಜೊತೆ ಹೋಲಿಸಿದ್ದು, ಅದನ್ನು ಇನ್ಯಾವುದರ ಜೊತೆ ಹೋಲಿಸಿದ್ದು ಎಂದು ಕೇಳುತ್ತಾ ಹೋದರೆ ಸರಪಳಿ ಎಲ್ಲೂ ತುಂಡಾಗದೆ ಒಂದು ದೇಶದ ಮಾಪನ ಸಂಸ್ಥೆಗೆ ಮುಟ್ಟಬೇಕು. ನಮ್ಮಲ್ಲಿ ಅದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಭಾರತೀಯ ನಿರ್ದೇಶಕ ದ್ರವ್ಯ ಎಂಬ ಹೆಸರಿನಲ್ಲಿ ಮಾನಕ ವಸ್ತುಗಳಿಗೆ ಅದರ ದೃಢೀಕರಣ ಸಿಗುತ್ತದೆ. ಸರ್ಟಿಫಿಕೇಟ್ ಕೈಗೆ ಬಂದಾಗ ಪಾಸ್ ಎಂಬ ಪದ ಹುಡುಕಿ ಫೈಲಿಗೆ ಸೇರಿಸಬೇಡಿ. ತಪ್ಪು ಎಷ್ಟು, ಆ ತಪ್ಪಿನ ಅಂದಾಜು ಎಷ್ಟರ ಮಟ್ಟಿಗೆ ಖಚಿತ ಎಂಬ ಎರಡು ಕಾಲಂ ಇರುತ್ತವೆ. ಓದಬೇಕಾದದ್ದು ಅವನ್ನು. ನೀವು ದಿನಾ ಬಳಸುವ ತರಂಗಾಂತರ ಆ ಪಟ್ಟಿಯಲ್ಲಿ ಇದೆಯಾ ಎಂಬುದನ್ನೂ ನೋಡಿ.

ನಮ್ಮ ಸರ್ಟಿಫಿಕೇಟಿನಲ್ಲಿ 220 ಇರಲಿಲ್ಲ. ದೀಪ ಬದಲಿಸಿದ ದಿನವೇ ಮೇಡಂ ಒಂದು ರಟ್ಟಿನ ನೋಟ್‌ಬುಕ್ ತಂದು ಮೆಷಿನ್ ಪಕ್ಕ ಇಟ್ಟರು. ಪ್ರತಿ ಸೋಮವಾರ ಒಂದು ಸಾಲು: ತಾರೀಕು, ದೀಪದ ಗಂಟೆ, 220ರಲ್ಲಿ ಅಯೊಡೈಡ್ ಎಷ್ಟು, ಯಾರು ನೋಡಿದ್ದು. ಹೊಸ ದೀಪದ ಮೊದಲ ಸಾಲಿನಲ್ಲಿ 3ಕ್ಕೆ ಮೇಲಿತ್ತು. ಎಂಟು ತಿಂಗಳಾದ ಮೇಲೆ 2.7. ಅದರ ಮುಂದೆ ಅವರ ಕೈಬರಹದಲ್ಲಿ ಕೆಂಪು ಇಂಕಿನಲ್ಲಿ ಎರಡೇ ಪದ ಇತ್ತು: "ದೀಪ ತರಿಸಿ."